ಕೈಗೆ ಬಂದ ತುತ್ತು

ಆರ್ತಿಕ್ ಊರಿನ ಮನೆಗಳೆಲ್ಲ ಗುಲಾಬಿ ಕಲ್ಲಿನವು.
ಯಾವುದೋ ಕಾಲದ ಬೆಟ್ಟ ಉಗುಳಿದ ಬೆಂಕಿ
ಕೂತು, ತಣಿದು, ಕಲ್ಲಾದದ್ದು.
ಝರೂಹಿಯ ಗಂಡ ಅದನ್ನು ಗರಗಸದಲ್ಲಿ ಕೊಯ್ಯುತ್ತಿದ್ದ.

ಅವಳು ರೊಟ್ಟಿಯವಳು.
ನೆಲದೊಳಗೆ ಹೂತ ಮಣ್ಣಿನ ಒಲೆ, ತೊನಿರ್,
ಅದರ ಹೊಟ್ಟೆಗೆ ಮೂವತ್ತೊಂದು ವರ್ಷ ಬಗ್ಗಿ ಬಗ್ಗಿ
ಹಾಳೆಯಂಥ ಲವಾಶ್ ಬಡಿದವಳು.
ಮಾರ್ಚ್‌ನಲ್ಲಿ ಬೆರಣಿ ಒದ್ದೆ, ಹತ್ತಲಿಲ್ಲ.
ಸೊಸೆ ಶುಶಾನ್ ಸೀಮೆಎಣ್ಣೆ ಸುರಿದಳು.
ಬೂದಿಯಡಿ ಕೆಂಡವಿದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ.

ನನ್ನ ಬಳಿ ಬಂದಾಗ ಚರ್ಮ ಹಿಡಿದಿತ್ತು,
ತೊಡೆಯಿಂದ ತೆಗೆದು ತೋಳಿಗೆ ಹೊದಿಸಿದ ಚರ್ಮ,
ಜಾಲರಿಯ ಗುರುತು ಇನ್ನೂ ಮಾಸದೆ.
ಗ್ಯುಮ್ರಿಯ ಆಸ್ಪತ್ರೆ, ಎರಡನೇ ಮಹಡಿ, ಹೀಟರು ಕೆಟ್ಟ ಕೋಣೆ.
ಬಗ್ಗಿಸುವುದು ನನ್ನ ಕೆಲಸ.
ಬಗ್ಗಿಸು, ಝರೂಹಿ. ಇನ್ನೂ. ಇನ್ನೊಂದು ಚೂರು.
ಅವಳು ಹಲ್ಲು ಕಚ್ಚಿ ಗೋಡೆಯ ಕ್ಯಾಲೆಂಡರ್ ನೋಡುವಳು.
ತೊಂಬತ್ತಿದ್ದದ್ದು ಎಂಬತ್ತಾಯಿತು, ಎಪ್ಪತ್ತಾಯಿತು.
ಮೈಗಳ್ಳತನ ಅಂದುಕೊಂಡೆ.
ಅಂದುಕೊಂಡು ಗದರಿದೆ, ನನ್ನ ಭಾರವನ್ನೆಲ್ಲ ಹಾಕಿ ಒತ್ತಿದೆ.
ಒಳಗೆ ಮರಳು ತುಳಿದ ಹಾಗೆ ಕರಕರ.

ಎಕ್ಸ್‌ರೇಯಲ್ಲಿ ಮೊದಲು ಬರೀ ಹೊಗೆ,
ಮೊಣಕೈ ಹಿಂದೆ ಯಾರೋ ಊದಿ ಬಿಟ್ಟಂತೆ.
ಆರು ವಾರಕ್ಕೆ ಹೊಗೆಗೆ ಅಂಚು ಮೂಡಿತು.
"ಸುಣ್ಣ ಕಟ್ಟಿದೆ" ಅಂದರು ಡಾಕ್ಟರ್ ಹ್ರಾಂತ್.
ಆಮೇಲೆ ತಾವೇ ತಿದ್ದಿಕೊಂಡರು:
"ಸುಣ್ಣ ಏನು ಬಂತು, ಎಲುಬೇ. ಮಜ್ಜೆ ಸಮೇತ ಅಪ್ಪಟ ಎಲುಬು,
ಮಾಂಸ ಇರಬೇಕಾದ ಕಡೆ."

ಬೆಂದ ಮೈಗೆ ಯಾರು ಏನು ಹೇಳಿದರೋ,
ಯಾರ ಮನೆಯ ನಕ್ಷೆ ಅದರ ಕೈಗೆ ಸಿಕ್ಕಿತೋ,
ಬಾಗಿಲಿದ್ದಲ್ಲಿ ಗೋಡೆ ಎಬ್ಬಿಸುತ್ತಿತ್ತು.

ನಾನು ಒತ್ತಿದ್ದರಿಂದಲೇ?
ಕಾರಿಡಾರಿನಲ್ಲಿ ಕೇಳಿದೆ. "ಒತ್ತದಿದ್ದರೂ ಬರುತ್ತದೆ"
ಅಂದರು, ಕನ್ನಡಕ ಒರೆಸುತ್ತ.
ಒರೆಸುತ್ತಲೇ ಇದ್ದರು.

ಹಸಿ ಎಲುಬು ಕೊಯ್ದರೆ ಮತ್ತೆ ಬೆಳೆದೀತೆಂದು ಅವರಿಗೆ ಭಯ.
ಬಲಿಯಲಿ, ವರ್ಷವಾಗಲಿ, ಆಮೇಲೆ ಕತ್ತಿ.
ಝರೂಹಿ ನಕ್ಕಳು, ಆ ವರ್ಷದಲ್ಲಿ ಅದೊಂದೇ ಸಲ:
"ನನ್ನ ಗಂಡನದೂ ಇದೇ ಮಾತು.
ಗಣಿಯ ಹಸಿ ಕಲ್ಲು ಗಾಳಿಗೆ ಒಣಗಲಿ, ಆಮೇಲೆ ಗೋಡೆಗೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ,
ಆ ಗಾದೆಯನ್ನು ನಾನು ಟೇಪು ಹಿಡಿದು ಅಳೆದಿದ್ದೇನೆ.
ಇಪ್ಪತ್ತೆರಡು ಸೆಂಟಿಮೀಟರ್.
ದಿನವೂ ಶುಶಾನ್ ತಿನ್ನಿಸುತ್ತಾಳೆ,
ತಲೆ ತಗ್ಗಿಸಿ, ಮಾತಿಲ್ಲದೆ, ಚಮಚ ನಡುಗುತ್ತ.

ನಿನ್ನೆ ಝರೂಹಿ ಚಮಚ ತಳ್ಳಿದಳು.
ಬಗ್ಗದ ಕೈಯನ್ನು ಮೇಜಿನ ಮೇಲಿಟ್ಟಳು,
ಬೆರಳಲ್ಲಿ ಗಿಣ್ಣು ಸುತ್ತಿದ ಲವಾಶ್ ಹಿಡಿದು
ಸೊಂಟದಿಂದ, ಬೆನ್ನಿನಿಂದ
ಮೂವತ್ತೊಂದು ವರ್ಷ ತೊನಿರ್‌ಗೆ ಬಗ್ಗಿದಂತೆಯೇ ಬಗ್ಗಿ
ಬಾಯನ್ನೇ ಕೈಗೆ ಒಯ್ದಳು.
ಶುಶಾನ್ ಹಿಂದಿನಿಂದ ಥಟ್ಟನೆ ಅವಳ ಸೆರಗುಪಟ್ಟಿ ಹಿಡಿದಳು,
ಒಲೆಯೊಳಗೆ ಬಿದ್ದಾಳು ಎಂಬ ಹಾಗೆ.

ರಿಜಿಸ್ಟರಿನಲ್ಲಿ ಬರೆದೆ:
ಬಲ ಮೊಣಕೈ, ಎಪ್ಪತ್ತು ಡಿಗ್ರಿ. ಬದಲಾವಣೆ ಇಲ್ಲ.