ಆಲೂಗಡ್ಡೆಯ ಬಣ್ಣ

ಹದಿನೇಳು ವರ್ಷ ಮ್ಯಾಚಿಂಗ್ ಸೆಂಟರಿನ ಮೇಜಿನ ಹಿಂದೆ ನಿಂತವಳು.
ಸೆರಗಿನ ತುದಿ ಕಂಡರೆ ಸಾಕು,
ಇದು ಗಿಳಿ, ಇದು ಪಾಚಿ, ಇದು ಬಾಳೆಸುಳಿ,
ಇದು ರಾಮಾ ಗ್ರೀನು, ಇದು ರಾಮಾ ಗ್ರೀನಲ್ಲ.
‘ಬಾಗಿಲಿಗೆ ಒಯ್ದು ಬಿಸಿಲಲ್ಲಿ ನೋಡಿ’ ಅನ್ನುವಷ್ಟರಲ್ಲಿ
ಥಾನು ಎಳೆದು ಹಾಸಿರುತ್ತೇನೆ.

ಅಂಥವಳಿಗೆ
ಒಂದು ಹಸಿರು ಕಲಸಲು ಬರಲಿಲ್ಲ.

ಸಾಲಗಾಮೆ ರಸ್ತೆ, ಭಾನುವಾರ ಮೂರು ಗಂಟೆ,
ಫಿಲೋಮಿನಾ ಮಿಸ್ಸಿನ ಕಾರಿಲ್ಲದ ಕಾರ್ ಶೆಡ್ಡು.
ಐದು ಮಕ್ಕಳು, ರಿಟೈರಾದ ಪೋಸ್ಟ್ ಮಾಸ್ಟರ್ ಜವರಯ್ಯ, ನಾನು.
ಮೊದಲ ವಾರ ನನ್ನ ಹಾಳೆ ಬಿಳಿಯಾಗಿ ಬಂದು
ಬಿಳಿಯಾಗಿಯೇ ಮನೆಗೆ ಹೋಯಿತು.
ಒಂದು ಹಾಳೆಗೆ ಇಪ್ಪತ್ತೆರಡು ರೂಪಾಯಿ.
‘ಕತ್ತರಿ ಹಾಕಿದ ಬಟ್ಟೆ ವಾಪಸ್ ಇಲ್ಲ’ –
ಅಂಗಡಿ ಗೋಡೆಯ ಬೋರ್ಡು
ನನ್ನ ಬಲಗೈಗೂ ಅಂಟಿತ್ತು.

ಎರಡನೇ ವಾರ ಮಿಸ್ಸು ಮಾತಾಡದೆ ಬಂದು
ಹಾಳೆಯ ನಟ್ಟನಡುವೆ ಟೀ ಲೋಟ ಇಟ್ಟರು.
ಎತ್ತಿದಾಗ ಒಂದು ಕಂದು ಉಂಗುರ.
‘ಕೆಂಚಮ್ಮ, ಹಾಳಾಯ್ತಲ್ಲ, ಇನ್ನು ಬರೀರಿ.’

ಸೀಬೆ ಎಲೆ ಬರೆಯಿರಿ ಅಂದರೆ
ನಾನು ಬರೆದದ್ದು ಸೀರೆ ಅಂಚಿನ ಮಾವಿನಕಾಯಿ.
ಎದುರಿದ್ದ ಎಲೆಯ ತುದಿಯನ್ನು ಹುಳ ತಿಂದಿತ್ತು,
ಒಂದು ಬದಿ ಮಡಚಿ, ಒಳಗೆ ಇರುವೆ ಮನೆ ಮಾಡಿತ್ತು.
ನೋಡಿದ್ದೆನೆ? ಇಲ್ಲ.
ಎಲೆ ಅಂದರೆ ಹೇಗಿರುತ್ತೆ ಅಂತ ಗೊತ್ತಿತ್ತಲ್ಲ.

ಆಮೇಲೆ ನೀರು. ನೀರಿನ ಮೇಲೆ ನೀರು.
ಹಾಳೆ ಹಪ್ಪಳದ ಹಾಗೆ ಎದ್ದು ನಿಂತಿತು.
ಹಸಿ ಬಣ್ಣ ಕಂಡರೆ ಸುಮ್ಮನಿರದ ಕೈ,
ತಿದ್ದಿ, ತೀಡಿ, ಇನ್ನೊಂಚೂರು, ಇನ್ನೊಂಚೂರು,
ಹಾಳೆಯ ಸಿಪ್ಪೆ ಸುಲಿದು ಬೆರಳಿಗೆ ಬಂತು.
‘ಮದರಂಗಿ ಹಚ್ಚಿಕೊಂಡು ಕೂತಿದ್ದಿರೋ ಇಲ್ವೋ ಮದುವೇಲಿ?
ಹಾಗೆ ಕೂರಿ.
ಮೂಗಿನ ಮೇಲೆ ನೊಣ ಕೂತರೂ ಸರಿ.’

ಒಂಬತ್ತು ವರ್ಷದ ನೂರೈನ್
ಪಕ್ಕದಲ್ಲಿ ಒಂದು ಆನೆ ಬರೆದು
ನೇರಳೆ ಬಳಿದು, ಚಪ್ಪಲಿ ಮೆಟ್ಟಿ, ಆಟಕ್ಕೆ ಓಡಿದಳು.
ಆಲೂರು ಕಡೆಯವಳು ನಾನು,
ಆನೆ ಅಂದರೆ ಓಡಬೇಕು ಅಂತ ಕಲಿತವಳು.
ಅವತ್ತು ನಿಂತಲ್ಲೇ ನಿಂತು ಹೊಟ್ಟೆಕಿಚ್ಚು ಪಟ್ಟೆ.

ಅಂಗಡಿಯ ರುಕ್ಸಾನಾಗೆ ನನ್ನ ಹೂಜಿ ತೋರಿಸಿದೆ.
ತಿರುಗಿಸಿದಳು. ಮತ್ತೆ ತಿರುಗಿಸಿದಳು.
‘ಕೋಳಿ ಚೆನ್ನಾಗಿದೆ ಅಕ್ಕ.’

ಬಿಟ್ಟುಬಿಡಬೇಕು ಅಂದುಕೊಂಡೇ ಹೋದ ವಾರ
ಮೇಜಿನ ಮೇಲೆ ಕಟ್ಟಿನಕೆರೆ ಮಾರ್ಕೆಟ್ಟಿನ ಒಂದು ಆಲೂಗಡ್ಡೆ.
ಹಾಸನದಲ್ಲಿ ಇದನ್ನು ಯಾರು ನೋಡುತ್ತಾರೆ,
ತೂಗುತ್ತಾರೆ, ಸುಲಿಯುತ್ತಾರೆ, ರೇಟು ಕೇಳಿ ಬೈಯುತ್ತಾರೆ.
ಡಬ್ಬಿಯಲ್ಲಿ ಹದಿನೆಂಟು ಬಿಲ್ಲೆ, ಆಲೂಗಡ್ಡೆ ಬಣ್ಣದ್ದು ಇಲ್ಲ.
ಹಳದಿಗೆ ಕೆಂಪು ಸೇರಿಸಿದೆ. ಹೆಚ್ಚಾಯಿತು. ಹಸಿರು ಹಾಕಿದೆ.
ಗಾಬರಿಯಲ್ಲಿ ನೀಲಿ.
ತಟ್ಟೆಯಲ್ಲಿ ಕಲಗಚ್ಚು.
ಬಚ್ಚಲಿಗೆ ಚೆಲ್ಲಲು ಎದ್ದೆ.

‘ಸ್ವಲ್ಪ ತಡೀರಮ್ಮ’ ಅಂದರು ಜವರಯ್ಯ.
ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಗಡ್ಡೆ,
ಶೆಡ್ಡಿನ ಬಾಗಿಲಿಗೆ ಒಯ್ದು
ಬಿಸಿಲಲ್ಲಿ
ಎರಡನ್ನೂ ಒತ್ತಟ್ಟಿಗೆ ಹಿಡಿದರು.

ಮ್ಯಾಚಾಗಿತ್ತು.

ಹದಿನೇಳು ವರ್ಷದಲ್ಲಿ ಯಾರೂ ಕೇಳದ,
ನಾನೂ ಕಪಾಟಿನಿಂದ ಎಳೆಯದ ಬಣ್ಣ.
ಅದಕ್ಕೊಂದು ಹೆಸರಾದರೂ ಇದೆಯೋ ಏನೋ.

ಬರೆದದ್ದು ಕಲ್ಲಿನ ಹಾಗೆ ಬಂತು, ಸುಳ್ಳೇಕೆ ಹೇಳಲಿ.
ನೆರಳು ಗಡ್ಡೆಯ ಕೆಳಗೆ ಕೂರದೆ
ಪಕ್ಕದಲ್ಲೊಂದು ಬೇರೆ ಸಾಮಾನಿನ ಹಾಗೆ ಬಿದ್ದಿತ್ತು.
ಮಿಸ್ಸು ಗಡ್ಡೆಯನ್ನು ನನ್ನ ಚೀಲಕ್ಕೇ ಹಾಕಿ ಕಳಿಸಿದರು.

ಮೂರು ಭಾನುವಾರ ಕಳೆಯಿತು, ಪಲ್ಯ ಮಾಡಿಲ್ಲ.
ಕಿಟಕಿಯಲ್ಲಿ ಅದೀಗ ಮೊಳಕೆ ಒಡೆದಿದೆ,
ಕಣ್ಣು ಕಣ್ಣಿನಿಂದಲೂ ಬಿಳಿ, ಬಿಳಿಯ ತುದಿಗೆ
ಒಂಥರಾ ನೇರಳೆ,
ಆ ಆನೆಯದೇ ನೇರಳೆ.

ಹೇಗೆ ಕಲಸಿದೆ ಅಂತ
ನೂರೈನಳನ್ನು ಕೇಳಬೇಕು, ನಾಚಿಕೆ ಬಿಟ್ಟು,
ಅವಳು ಚಪ್ಪಲಿ ಮೆಟ್ಟುವ ಮೊದಲೇ.