ಗುರುತು

ಡೆಲ್ಬರ್ಟ್ ಹನ್ಯಾಕ್ ಸತ್ತದ್ದು ನಲವತ್ತೊಂದು ಸಲ.
ಲೆಕ್ಕ ಇಟ್ಟವಳು ಹೆಂಡತಿ ಮಾರ್ವೆಲ್,
ಅಡುಗೆಮನೆ ಕ್ಯಾಲೆಂಡರಿನ ಬೆನ್ನಿಗೆ, ಪೆನ್ಸಿಲಿನಲ್ಲಿ:
ಗುಂಡಿಗೆ ಹದಿನೇಳು, ನೇಣಿಗೆ ಎರಡು,
ಕುದುರೆಯಿಂದ ಬಿದ್ದು ಒಂದು
(ಅದರಲ್ಲಿ ಪಕ್ಕೆಲುಬು ಮುರಿದದ್ದು ಮಾತ್ರ ನಿಜ),
ಉಳಿದವೆಲ್ಲ ಪರದೆಯ ಆಚೆಗೆ,
ಯಾರೋ ಓಡಿಬಂದು ಸುದ್ದಿ ಹೇಳಿದ್ದರಿಂದ.

ಅಪ್ಪ ಯಂಗ್ಸ್‌ಟೌನಿನ ಉಕ್ಕಿನ ಕುಲುಮೆಯಲ್ಲಿದ್ದವನು.
ಮಗ ಬಸ್ಸು ಹತ್ತಿದ ದಿನ ಅಂದದ್ದು ಇಷ್ಟೇ:
ಬಣ್ಣ ಹಚ್ಚಿಕೊಂಡು ಹೊಟ್ಟೆ ಹೊರೆಯುವವನು ಹೊರೆದುಕೋ,
ಮನೆಗೆ ಬರುವಾಗ ಮಾತ್ರ ಮುಖ ತೊಳೆದುಕೊಂಡು ಬಾ.

ಬರ್ಬ್ಯಾಂಕಿನಲ್ಲಿ ಮೊದಲು ಕೆಲಸ ಸಿಕ್ಕಿದ್ದು ಬೆನ್ನಿಗೆ.
ಕೌಬಾಯ್ ಕಥೆಯ ಹೆಂಡದಂಗಡಿಯಲ್ಲಿ, ಮೂಲೆಯಲ್ಲಿ,
ಕುಡಿಯುತ್ತ ಕೂತ ಒಂದು ಬೆನ್ನು, ದಿನಕ್ಕೆ ಇಪ್ಪತ್ತೆರಡು ಡಾಲರು.
ಆಮೇಲೆ ಕಿವಿ, ಆಮೇಲೆ ಅರ್ಧ ಕೆನ್ನೆ,
ಮೂರನೇ ವರ್ಷಕ್ಕೆ ಇಡೀ ಮುಖ,
ಐದನೇ ವರ್ಷ ಆ ಮುಖಕ್ಕೊಂದು ಮಾತು:
"ಅವರು ಆ ಕಡೆ ಹೋದರು, ಷೆರೀಫ್."

ಸೆಟ್ಟಿನ ನೆಲದ ಮೇಲೆ ಒಬ್ಬೊಬ್ಬರಿಗೂ ಒಂದು ಗುರುತು,
ಅಂಟುಪಟ್ಟಿಯದು. ಅದನ್ನು ಅಂಟಿಸುವುದೇ ನನ್ನ ಕೆಲಸ.
ನಾಯಕನಿಗೆ ಕೆಂಪು, ನಾಯಕಿಗೆ ಹಳದಿ,
ಇವನಿಗೆ ಯಾವುದು ಉಳಿದಿದೆಯೋ ಅದು.
ತಲೆ ಬಗ್ಗಿಸದೆ, ಕಾಲಲ್ಲೇ ತಡಕಿ,
ಬೆಳಕು ಬೀಳುವ ಆ ಒಂದು ಗೇಣಿಗೆ ಬಂದು ನಿಲ್ಲುವುದು.
ಅರವತ್ತು ವರ್ಷದ ವಿದ್ಯೆ ಇಷ್ಟೇ ಅನ್ನುತ್ತಿದ್ದ.
ಇಷ್ಟೇ. ಮಾಡಿ ನೋಡು.

ಗ್ಲೆಂಡೇಲಿನ ದಿನಸಿ ಅಂಗಡಿಯಲ್ಲಿ ಹೆಂಗಸೊಬ್ಬಳು ತಡೆದಳು:
ನಿಮ್ಮನ್ನೆಲ್ಲೋ ನೋಡಿದ್ದೇನಲ್ಲ,
ಫ್ರೆಸ್ನೋದಲ್ಲಿ ನಮ್ಮಕ್ಕನ ಹಲ್ಲು ಕಿತ್ತವರು ನೀವೇ ತಾನೆ?
ಹೌದು ಅಂದ. ಅಕ್ಕನ ದವಡೆ ಈಗ ಹೇಗಿದೆ ಅಂತಲೂ ಕೇಳಿದ.
ಎಲ್ಲರಿಗೂ ಗುರುತು ಸಿಗುತ್ತಿತ್ತು, ಹೆಸರು ಸಿಗುತ್ತಿರಲಿಲ್ಲ.
ನಾಲಗೆಯ ತುದಿಯಲ್ಲೇ ಇದೆ, ತಾಳಿ, ಅನ್ನುವರು.
ಅಲ್ಲೇ ಇದ್ದ ಅವನು,
ಇಡೀ ಅಮೆರಿಕದ ನಾಲಗೆಯ ತುದಿಯಲ್ಲಿ, ಬಾಡಿಗೆ ಕೊಡದೆ.

ಹಳೆಯ ಕಂತುಗಳು ನಡುರಾತ್ರಿ ಮತ್ತೆ ಓಡಿದಾಗ
ಚೆಕ್ಕು ಬರುತ್ತಿತ್ತು: ಹದಿಮೂರು ಸೆಂಟು.
ಲಕೋಟೆಯ ಅಂಚೆಚೀಟಿಗೇ ಅದಕ್ಕಿಂತ ಹೆಚ್ಚು.
ಮಾರ್ವೆಲ್ ಅದರ ಹಿಂದೆ ಬರೆಯುವಳು:
ಮೊಟ್ಟೆ, ಈರುಳ್ಳಿ, ಬಲ್ಬು.

ಡಾಕ್ಟರ ಪಾತ್ರ ಹನ್ನೊಂದು ಸಲ.
ಹನ್ನೊಂದು ಸಲವೂ ಜೋಡಿಬಾಗಿಲು ತಳ್ಳಿ ಬಂದು,
ಟೋಪಿ ಕಳಚಿ, "ನಮ್ಮ ಕೈಲಾದದ್ದೆಲ್ಲ ಮಾಡಿದೆವು."
ತಕ್ಷಣ ಕ್ಯಾಮೆರಾ ಅಳುವವಳ ಮುಖಕ್ಕೆ ಹೊರಳುವುದು,
ಚೌಕಟ್ಟಿನಲ್ಲಿ ಉಳಿಯುವುದು ಇವನ ಭುಜದ ಅಂಚು.

ಮಾರ್ವೆಲ್ ಹೋದ ರಾತ್ರಿ
ಬಾಗಿಲು ತಳ್ಳಿಕೊಂಡು ನಿಜದ ಡಾಕ್ಟರು ಬಂದ.
ಇಪ್ಪತ್ತೆಂಟೋ ಮೂವತ್ತೋ. ಕೈಯಲ್ಲಿ ಕಾಗದ,
ಕಣ್ಣು ಕಾಗದದ ಮೇಲೆ.
ತೊದಲಿದ: ಏನೋ ಪ್ರಮಾಣ, ಏನೋ ಒತ್ತಡ, ಗಂಟೆ, ನಿಮಿಷ.
ಡೆಲ್ಬರ್ಟ್ ಬೆಂಚಿನಲ್ಲಿ ಜರುಗಿ ಜಾಗ ಮಾಡಿಕೊಟ್ಟ.
"ಕೂತ್ಕೋ ಮಗು. ಕಾಗದ ಮಡಚು.
ಮೊದಲು ಅವಳ ಹೆಸರು ಹೇಳು. ಆಮೇಲೆ ನಿಲ್ಲಿಸು."
ಹುಡುಗ ಅಂದ: ಮಾರ್ವೆಲ್.
ನಿಲ್ಲಿಸಿದ.

ಹನ್ನೊಂದು ಸಲವೂ ನಾನು ತಪ್ಪಾಗಿ ಹೇಳಿದ್ದೆ ಕಣೆ,
ಅಂದ ನನಗೆ, ಮೇಕಪ್ ಕುರ್ಚಿಯಲ್ಲಿ,
ಗಲ್ಲ ಎತ್ತಿ ಹಿಡಿದುಕೊಂಡು,
ಪೌಡರು ಕಣ್ಣಿಗೆ ಬೀಳದ ಹಾಗೆ.

ಎಂಬತ್ತಾರಕ್ಕೆ ಕಣ್ಣು ಮಂಜಾಗಿ
ಅಂಟುಪಟ್ಟಿ ಕಾಣದಾಯಿತು. ಸಣ್ಣದೊಂದು ಮರದ ಪಟ್ಟಿ
ಮೊಳೆ ಹೊಡೆದು ಕೂರಿಸಿದೆ, ಬೂಟಿಗೆ ತಿಳಿಯಲೆಂದು.
ಸಾಂಟಾ ಕ್ಲಾರಿಟಾದ ಬಿಸಿಲು, ಬಾಡಿಗೆಯ ಜಗಲಿ,
ತೂಗುಕುರ್ಚಿ. ಬರೆದದ್ದು: ಅಜ್ಜ ಸಾಯುತ್ತಾನೆ.

ನಿರ್ದೇಶಕನನ್ನು ಕರೆದು ಮೆಲ್ಲಗೆ ಕೇಳಿದ:
ಸಾಯುವುದು ಬೇಡ, ನಿದ್ದೆ ಮಾಡಲೇ?
ಮನೆಯಲ್ಲಿ ಲೆಕ್ಕ ಬರೆಯುವವರಿಲ್ಲ.
ಅವಸರದಲ್ಲಿದ್ದ ಹುಡುಗ, ಆಗಲಿ ಅಂದ.

ಕಾಲಿಗೆ ಮರ ತಾಗಿತು. ನಿಂತ, ಬೆಳಕು ಬಿತ್ತು. ಕೂತ.
ಕಟ್ ಅಂದ ಮೇಲೂ ಗೊರಕೆ.
ಶಬ್ದದವನು ಕಿವಿಯ ಹೆಡ್‌ಫೋನು ತೆಗೆದ.
ಎಪ್ಪತ್ತು ಜನ, ಕೇಬಲ್ಲು ಸುತ್ತುತ್ತಿದ್ದವರು ಸುತ್ತಿದಷ್ಟಕ್ಕೇ,
ಯಾರೂ ಎಬ್ಬಿಸಲಿಲ್ಲ.
ಊಟದ ಹೊತ್ತು ಮೀರಿದರೆ ಯೂನಿಯನ್ನಿನ ದಂಡ ಬೀಳುತ್ತದೆ.
ಬಿತ್ತು.