ಉಪ್ಪು ನೋಡುವಾಕಿ

ಶುಕ್ರವಾರಕ್ಕೊಂದು ಸೂಜಿ.
ಫ್ರಿಜ್ಜಿನ ಬಾಗಿಲದಾಗ, ಮೊಸರಿನ ಡಬ್ಬಿ ಮಗ್ಗಲಿಗೆ
ಪೆನ್ನಿನಂಥಾದ್ದೊಂದು ಮಲಗೇತಿ.
ರೊಟ್ಟಿ ಬಡಿಯೂ ಲಚ್ಚವ್ವ ಮೊದಲ ದಿನ ಕೇಳಿದ್ಲು:
ಅಕ್ಕಾ, ಉದ್ರಿ ಬರಿಯೂ ಪೆನ್ನು ಥಂಡ್ಯಾಗ ಯಾಕ ಇಟ್ಟೀರಿ?
ಇದು ಹೊಟ್ಟೀ ಉದ್ರಿ ಬರಿಯೂದು, ಅಂದೆ.

ಸೊಲ್ಲಾಪುರದಾಗ, ಅಶೋಕ ಚೌಕದ ಹಿಂದ,
ಇಪ್ಪತ್ತಾರು ವರ್ಷದ ಖಾನಾವಳಿ ನನ್ನದು.
ಬೋರ್ಡು ಮರಾಠಿ, ಬೈಗಳ ಕನ್ನಡ,
ರೊಟ್ಟಿ ಎಣಿಕಿ ತೆಲುಗು. ಹದಿನೈದರ ಮ್ಯಾಲ
ಲಚ್ಚವ್ವ ಬ್ಯಾರೆ ಭಾಷೆದಾಗ ಎಣಿಸಂಗಿಲ್ಲ.

ದಿನಕ್ಕ ಎಷ್ಟು ಸಲ ಉಣ್ತೀರಿ? ಡಾಕ್ಟರಬಾಯಿ ಕೇಳಿದ್ರು.
ಉಣ್ಣಂಗಿಲ್ಲರೀ, ಉಪ್ಪು ನೋಡ್ತೀನಿ.
ಬರಿಯೂದು ಬಿಟ್ಟು ನನ್ನ ಮಾರಿ ನೋಡಿದ್ರು.
ಖರೇನ ಹೇಳಿದ್ದೆ.
ಬ್ಯಾಳಿ, ಅಂಗೈ ಮ್ಯಾಲ ಒಂದು ಹನಿ.
ಬದನೀಕಾಯಿ, ಬೆಂದೈತೋ ಇಲ್ಲೋ ಅಂತ ಒಂದು ಹೋಳು.
ಶೇಂಗಾ ಹಿಂಡಿ ಒಂದು ಚಿಟಿಕಿ, ಮತ್ತೊಂದು,
ಮತ್ತ ಖಾತ್ರಿಗೊಂದು.
ರಾತ್ರಿ ಹನ್ನೊಂದಕ್ಕ ಬುಟ್ಟ್ಯಾಗ ಉಳಿದ ರೊಟ್ಟಿ,
ಚೆಲ್ಲಿದ್ರ ಪಾಪ ಅಂತ, ಒಲೀ ಮುಂದ ನಿಂತು.
ಹಿಂಗ ನೋಡಿ ನೋಡಿ
ತೂಕ ತೊಂಬತ್ತನಾಲ್ಕು, ಸಕ್ಕರಿ ಇನ್ನೂರಾ ಎಂಬತ್ತು.

ಮೂರನೇ ಸೂಜಿಗೆ ನಾಲಿಗಿ ಸುಮ್ಮನಾತು.
ಒಗ್ಗರಣಿ ಚಟಪಟ ಅಂದ್ರೂ
ಒಳಗ ಯಾರೂ ಏಳಲಿಲ್ಲ.
ಎರಡು ಕಪ್ಪು ಚಾದ ಮ್ಯಾಲ ದಿನ ದೂಡಿದೆ,
ಇಳೀತು ಇಳೀತು ಅಂತ ಓಣಿಗೆಲ್ಲ ಸಾರಿದೆ.
ಒಂದಿನ ಹಿಟ್ಟಿನ ಡಬ್ಬಿ ಎತ್ತಾಕ ಹೋದ್ರ
ತೋಳು ನನ್ನವಲ್ಲ.
ಜೋಳದ ಹಿಟ್ಟೆಲ್ಲ ನೆಲದ ಪಾಲು.
ಬಾಚಣಿಕಿ ತುಂಬ ಕೂದಲು.

ಬೈದ್ರು ಡಾಕ್ಟರಬಾಯಿ, ಭಾಳ ಬೈದ್ರು.
ಕೊಬ್ಬಿನ ಸಂಗಾಟ ಖಂಡಾನೂ ಕರಗಾಕ ಹತ್ತೇತಿ.
ಹಸಿವಿಲ್ಲಂತ ಊಟಾನ ಬಿಟ್ರ ಸೂಜಿ ಪಾಪ ಏನು ಮಾಡೀತು?
ಮೊಳಕಿ ಕಾಳು ತಿನ್ನು, ತತ್ತಿ ತಿನ್ನು, ನೀರು ಕುಡಿ,
ನಡಿ, ಏನರೆ ಭಾರ ಎತ್ತು, ಹೊತ್ತಿಗೆ ಮಲಗು.
ಮತ್ತ, ಕುಂತು ಉಣ್ಣು.

ನಡದೆ. ಚಪ್ಪಲಿ ಕಚ್ಚಿತು,
ಗಂಡನ ಹಳೇ ಬೂಟು ಹಾಕ್ಕೊಂಡು
ಕಂಬರ ತಲಾವಿನ ದಂಡೀಗುಂಟ, ಇನ್ನೂ ನಸುಕಿದ್ದಾಗ.
ಭಾರ ಎತ್ತಿದೆ: ಐದು ಕಿಲೋ ಜೋಳದ ಚೀಲ,
ಎತ್ತೂದು, ಇಳಸೂದು, ಎತ್ತೂದು.
ಎಲ್ಲಿಗೂ ಒಯ್ಯದ ಚೀಲ ಎತ್ತೂ ಹೆಣಮಗಳನ್ನ
ಇವತ್ತ ನೋಡಿದೆ, ಅಂದ್ಲು ಲಚ್ಚವ್ವ.
ಎಲ್ಲಾ ಆತು. ಕುಂತು ಉಣ್ಣೂದು ಆಗವಲ್ಲದು.
ಒಡತಿ ಕುಂತ್ರ ಗಿರಾಕಿ ಏಳ್ತಾನ, ಇದು ನಮ್ಮ ಅತ್ತೀ ಮಾತು.
ಅತ್ತಿ ಹೋಗಿ ಹತ್ತು ವರ್ಷ ಆತು,
ಮಾತು ಇನ್ನೂ ಗಲ್ಲೇದ ಮ್ಯಾಲ ಕುಂತೇತಿ.

ಕಡೀಕ ಒಂದು ಬುಧವಾರ, ಮಧ್ಯಾಹ್ನ ಮೂರಕ್ಕ,
ಗ್ವಾಡಿ ಕಡೆ ಮೂರನೇ ಬೆಂಚಿನ ಮ್ಯಾಲ ಕುಂತೆ.
ಇಲ್ಲಿಂದ ನನ್ನ ಒಲಿ ಇಷ್ಟು ಸಣ್ಣದು ಕಾಣ್ತೈತಿ ಅಂತ
ಗೊತ್ತಿರಲಿಲ್ಲ.
ಲಚ್ಚವ್ವ ಗಂಗಾಳ ಇಟ್ಟು ಕೇಳಿದ್ಲು:
ರೊಟ್ಟಿ ಎಷ್ಟು?
ಲಕ್ಷ ಸಲ ನಾ ಕೇಳಿದ ಮಾತು,
ಉತ್ತರ ಬಾಯಿಗೆ ಬರಲಿಲ್ಲ.
ಅರ್ಧ, ಅಂದೆ.
ಅರ್ಧ ಸಿಗಂಗಿಲ್ಲ ನಮ್ಮಲ್ಲಿ, ಅಂದ್ಲು. ಅದೂ ನನ್ನ ಮಾತೇ.
ಒಂದು ಹಾಕಿ, ಎರಡು ಮಾಡಿ,
ಎದುರಿಗೆ ಕುಂತು ಅರ್ಧ ತಾನು ಮುರದ್ಲು.

ಮಡಿಕಿ ಕಾಳಿನ ಉಸಳಿ. ಮೆಲ್ಲಕ ಜಗದೆ.
ಮೂರನೇ ತುತ್ತಿಗೆ ತಿಳೀತು.
ಲಚ್ಚವ್ವಾ, ಉಪ್ಪು ಜಾಸ್ತಿ ಐತಲ್ಲ?
ನೀವು ನೋಡೂದು ಬಿಟ್ಟಾಗಿಂದ ಹಿಂಗೇ ಅಕ್ಕಾ,
ಯಾರೂ ಏನೂ ಅಂದಿಲ್ಲ, ಉಂಡು ಹೋಗ್ಯಾರ.

ನಗೂದೋ ಬೈಯೂದೋ ತಿಳೀಲಿಲ್ಲ.
ನೀರಿನ ತಂಬಿಗಿ ಕಡೆ ಕೈ ಚಾಚಿದೆ,
ಕುಂತಲ್ಲಿಂದ ಎಟುಕಲಿಲ್ಲ.
ಏಳಾಕ ಹೋದೆ.
ಕುಂಡ್ರಿ, ಅಂದ್ಲು ಲಚ್ಚವ್ವ.